ರೆಪ್ಪೆಗೊಂದು ಸ್ಟಿಕ್ಕರ್ ಬೊಟ್ಟು

ನಮ್ಮ ಚಿಕ್ಕಮ್ಮನಷ್ಟು ಜಂಬದ ಹೆಂಗಸು ಇಡೀ ಶ್ರೀನಿವಾಸಪುರ ತಾಲ್ಲೂಕಿನಲ್ಲೇ ಇಲ್ಲ ಎಂದು ಊರಿನವರೆಲ್ಲ ಒಮ್ಮತದಿಂದ ಒಪ್ಪಿ ಎಷ್ಟೋ ಕಾಲವಾಗಿದೆ. ಒಪ್ಪದೆ ಇನ್ನೇನು ಮಾಡುತ್ತಾರೆ? ಎದುರಿಗೆ ಯಾರೇ ಬರಲಿ, ಪಂಚಾಯ್ತಿ ಅಧ್ಯಕ್ಷರೇ ಬರಲಿ, ಗುಡಿಯ ಅಯ್ಯನವರೇ ಬರಲಿ, ಅವಳು ಮೊದಲು ಗದ್ದ ಎತ್ತುತ್ತಾಳೆ. ಆಮೇಲೆ ಹುಬ್ಬು ಎತ್ತುತ್ತಾಳೆ. ಆಮೇಲೆ ಮೂಗಿನ ತುದಿಯಿಂದ ಎದುರಿನವರನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ಅಳೆದು, "ಓ, ನೀನಾ!" ಎನ್ನುತ್ತಾಳೆ. ಹೀಗೆ ಅನ್ನಿಸಿಕೊಂಡವರಿಗೆ ಮೈ ಉರಿಯದೆ ಇರುತ್ತದೆಯೇ?

ಆದರೆ ಸ್ವಾಮಿ, ಅದು ಜಂಬವಲ್ಲ, ರೆಪ್ಪೆ! ಅವಳ ಕಣ್ಣಿನ ಮೇಲಿನ ರೆಪ್ಪೆಗಳು ಎರಡೂ ಅರ್ಧಕ್ಕಿಂತ ಹೆಚ್ಚು ಇಳಿಬಿದ್ದಿದ್ದವು. ಅಂಗಡಿಯವರು ಮಧ್ಯಾಹ್ನ ಊಟಕ್ಕೆ ಹೋಗುವಾಗ ಷಟರ್ ಅರ್ಧ ಎಳೆದಿರುತ್ತಾರಲ್ಲ, ಹಾಗೆ. ಒಳಗಿರುವವರು ಹೊರಗೆ ನೋಡಬೇಕಾದರೆ ಬಗ್ಗಬೇಕು, ಇಲ್ಲವೇ ತಲೆಯನ್ನು ಹಿಂದಕ್ಕೆ ಹಾಕಬೇಕು. ಚಿಕ್ಕಮ್ಮ ಯಾರಿಗೂ ಬಗ್ಗುವ ಪೈಕಿ ಅಲ್ಲದ ಕಾರಣ ತಲೆಯನ್ನು ಹಿಂದಕ್ಕೆ ಹಾಕುತ್ತಿದ್ದಳು.

ಇದರಿಂದ ಅವಳಿಗೆ ಲಾಭವೂ ಇತ್ತು ಎನ್ನಿ. ಹರಿಕಥೆಗೆ ಹೋದರೆ, ಗದ್ದ ಎತ್ತುವ ಶ್ರಮ ಯಾಕೆಂದು ಆರಾಮಾಗಿ ಗೋಡೆಗೆ ಒರಗಿ ಕೂರುತ್ತಿದ್ದಳು. ಅರೆಮುಚ್ಚಿದ ಆ ಕಣ್ಣು ನೋಡಿ ದಾಸರು ಭಕ್ತಿಗೆ ಮೆಚ್ಚಿ ಮಂಗಳಾರತಿ ಮೊದಲು ಇವಳ ಮುಂದೆಯೇ ಹಿಡಿಸುತ್ತಿದ್ದರು. ಇವಳು ಮಾತ್ರ ಆ ಸಂದಿಯಿಂದಲೇ ಯಾರ್ಯಾರು ಹೊಸ ಸೀರೆ ಉಟ್ಟಿದ್ದಾರೆ ಎಂದು ನೋಡಿ ಮುಗಿಸಿರುತ್ತಿದ್ದಳು.

ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಈ ಚಿಕ್ಕಮ್ಮ, ಅಮ್ಮನ ತಂಗಿ. ನಾನಾಗ ಇನ್ನೂ ಸರಿಯಾಗಿ ಮಾತು ಬಾರದ ಕೂಸು. ಅಪ್ಪ ಮಾಲೂರಿನಲ್ಲಿ ಹೆಂಚಿನ ಕಾರ್ಖಾನೆಯ ಕೆಲಸದಲ್ಲಿದ್ದರು. ನನ್ನನ್ನು ಇವಳ ಮಡಿಲಿಗೆ ಹಾಕಿ ಭಾನುವಾರ ಭಾನುವಾರ ಬಂದು ನೋಡಿಕೊಂಡು ಹೋಗುತ್ತಿದ್ದರು. ಈಗ ಅವರೂ ಇಲ್ಲ. ನನಗೆ ನೆನಪಿರುವಂತೆ ಚಿಕ್ಕಮ್ಮನ ರೆಪ್ಪೆ ಯಾವಾಗಲೂ ಕೊಂಚ ಜೋತೇ ಇತ್ತು, ವಯಸ್ಸಾಗುತ್ತ ಪೂರಾ ಇಳಿಯಿತು. ಯಾಕೆ ಹೀಗಾಯಿತು ಎಂದು ಯಾರು ಕೇಳಿದರೂ ಅವಳದು ಒಂದೇ ಉತ್ತರ.

"ಇವನ್ನ ಸಾಕಿ ಸಾಕಿ! ರಾತ್ರಿಯೆಲ್ಲ ಅಳೋನು. ನಿದ್ದೆಗೆಟ್ಟು ನಿದ್ದೆಗೆಟ್ಟು ರೆಪ್ಪೆ ಬಿದ್ದೋಯ್ತು. ಮುಂಚೆ ನನ್ನ ಕಣ್ಣು ಹೆಂಗಿತ್ತು ಗೊತ್ತಾ? ತಾವರೆ!"

ಹೀಗಾಗಿ ಆ ರೆಪ್ಪೆಗಳ ಪಾಪದ ಹೊರೆಯನ್ನು ನಾನು ಹೊತ್ತುಕೊಂಡೇ ಬೆಳೆದೆ. ಆದರೆ ಈ ತಾವರೆಯ ಕಥೆಯಲ್ಲಿ ಒಂದು ಎಡವಟ್ಟಿತ್ತು. ಹೆಣ್ಣು ನೋಡಲು ಬಂದಿದ್ದ ಚಿಕ್ಕಪ್ಪನ ತಾಯಿ, "ಹುಡುಗಿ ಒಂದು ಸಲಾನೂ ಕಣ್ಣೆತ್ತಲಿಲ್ಲ, ಎಂಥಾ ನಾಚಿಕೆ, ಎಂಥಾ ಮರ್ಯಾದೆ!" ಎಂದು ಮೆಚ್ಚಿ ಅಲ್ಲೇ ತಾಂಬೂಲ ಬದಲಾಯಿಸಿದ್ದರಂತೆ. ಇದನ್ನು ಸ್ವತಃ ಚಿಕ್ಕಮ್ಮನೇ ಹೇಳಿ ನಗುತ್ತಿದ್ದಳು. "ಎತ್ತಿದ್ದೆ ಕಣೋ! ನಾನು ಎತ್ತಿದ್ದು ಅವರಿಗೆ ಕಾಣಿಸ್ಲಿಲ್ಲ, ಅಷ್ಟೇ."

"ಹಂಗಾದ್ರೆ ತಾವರೆ ಎಲ್ಲೋಯ್ತು ಚಿಕ್ಕಮ್ಮ?" ಎಂದು ನಾನು ಹಿಡಿದರೆ, ತಕ್ಷಣ ತೆಲುಗಿಗೆ ಹಾರುತ್ತಿದ್ದಳು. ನಮ್ಮ ಕಡೆ ಮುದ್ದು ಮಾಡಲು ಕನ್ನಡ, ಬೈಯಲು ತೆಲುಗು. "ಪೋರಾ! ಅವರು ಬಂದಿದ್ದು ಸಾಯಂಕಾಲ. ಸಾಯಂಕಾಲ ತಾವರೆ ಮುಚ್ಕೊಳ್ಳಲ್ವೇನೋ?"



ಚಿಕ್ಕಮ್ಮನ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಮೇಲೆತ್ತಿ, ಅಲುಗಾಡದೆ ಕೂರುತ್ತದೆ. ಇದಕ್ಕೆ ‘ಜ್ವರಕ್ಕೆ ಕೂರುವುದು’ ಎನ್ನುತ್ತಾರೆ. ಹುಳುವಿಗೆ ನಾಲ್ಕು ಜ್ವರ ದಾಟಿದ ಮೇಲೆಯೇ ಗೂಡು ಕಟ್ಟುವ ಯೋಗ. ಚಿಕ್ಕಮ್ಮ ಗದ್ದ ಎತ್ತಿ ನಿಂತಾಗಲೆಲ್ಲ, ದಿನಕ್ಕೆ ಹಿಡಿಯಷ್ಟು ಮಾತಾಡುವ ಚಿಕ್ಕಪ್ಪ ಕೂಡ ಬಾಯಿ ಬಿಡುತ್ತಿದ್ದರು: "ನಿಮ್ಮ ಚಿಕ್ಕಮ್ಮ ಐದನೇ ಜ್ವರಕ್ಕೆ ಕೂತವ್ಳೆ ಕಣೋ."

"ಹೂಂ, ಕೂತಿದೀನಿ. ಗೂಡು ಕಟ್ಟೋದು ನಾನು, ಒಳಗೆ ಬೇಯೋದು ನೀವು!"

ಇಷ್ಟಾದರೂ ಚಿಕ್ಕಮ್ಮ ಸುಮ್ಮನೆ ಕೂತವಳಲ್ಲ. ರೆಪ್ಪೆ ಎತ್ತಿ ನಿಲ್ಲಿಸಲು ಅವಳೇ ಒಂದು ಉಪಾಯ ಕಂಡುಹಿಡಿದಳು. ಯಾವುದು ಅಂತೀರಿ? ಹಣೆಗಿಡುವ ಸ್ಟಿಕ್ಕರ್ ಬೊಟ್ಟು! ದೊಡ್ಡ ಅಳತೆಯದನ್ನು ತೆಗೆದು, ರೆಪ್ಪೆಯನ್ನು ಬೆರಳಿನಿಂದ ಮೇಲಕ್ಕೆ ದೂಡಿ, ಅರ್ಧ ರೆಪ್ಪೆಗೆ ಅರ್ಧ ಹುಬ್ಬಿನ ಕೆಳಗೆ ಬರುವಂತೆ ಒತ್ತಿಬಿಡುವುದು. ಹಣೆಗೊಂದು, ಕಣ್ಣಿಗೆರಡು, ಒಟ್ಟು ಮೂರು ಬೊಟ್ಟು! ಮುಖ ನೋಡಿದವರಿಗೆ ಎದೆ ಝಲ್ಲೆನ್ನಬೇಕು. ಸೀರೆಯ ಬಣ್ಣಕ್ಕೆ ಹೊಂದಿಸಿ ಹಚ್ಚುತ್ತಿದ್ದಳು ಬೇರೆ. ಶುಕ್ರವಾರ ಮಾತ್ರ ಕಡ್ಡಾಯವಾಗಿ ಕೆಂಪು.

ಒಮ್ಮೆ ಮಾಲೂರಿನ ಹತ್ತಿರ ಲಕ್ಕೂರಿನಲ್ಲಿ ಒಂದು ಮದುವೆ. ಊಟದ ಹೊತ್ತು, ಸೆಕೆ, ಬೆವರು. ಚಿಕ್ಕಮ್ಮನ ಬಲಗಣ್ಣಿನ ಬೊಟ್ಟು ಅಂಟು ಬಿಟ್ಟು ಹಾರಿ, ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಎಲೆಯ ಮೇಲೆ, ಸರಿಯಾಗಿ ಒಬ್ಬಟ್ಟಿನ ನಡುಮಧ್ಯೆ ಕೂತುಬಿಟ್ಟಿತು. ಆಕೆ ಬೆಚ್ಚಿ, "ಇದೇನ್ರೀ ಇದು, ನಿಮ್ಮ ಕಡೆ ಒಬ್ಬಟ್ಟಿಗೂ ಬೊಟ್ಟಿಡ್ತಾರಾ?" ಎಂದರು. ಚಿಕ್ಕಮ್ಮ ಗದ್ದ ಎತ್ತಿ, ಉಳಿದಿದ್ದ ಒಂದೇ ಕಣ್ಣಿನಿಂದ ಎಲೆಯನ್ನು ನೋಡಿ, "ಇಡ್ತೀವಿ. ಬರೀ ಹಣೆಯಲ್ಲಿ ಒಬ್ಬಟ್ಟಾದ್ರೂ ಇರ್ಬಾರ್ದು" ಎಂದಳು. ಆಕೆ ಆ ಒಬ್ಬಟ್ಟಿಗೆ ಕೈಮುಗಿದು ಪಕ್ಕಕ್ಕಿಟ್ಟದ್ದನ್ನು ನಾನು ಕಣ್ಣಾರೆ ಕಂಡೆ.

ನಗುವುದೇನೋ ನಗುತ್ತಿದ್ದೆವು. ಆದರೆ ರೆಪ್ಪೆ ಇಳಿಯುತ್ತ ಹೋದ ಹಾಗೆ ತಮಾಷೆಯ ಪಾಲು ಕಡಿಮೆಯಾಗುತ್ತ ಬಂತು. ನನ್ನ ಹಳೆಯ ಫೋನು ಕೊಟ್ಟಿದ್ದೆ. ಮುಖ ತೋರಿಸಿದರೆ ತೆರೆದುಕೊಳ್ಳುವಂಥದ್ದು. ಅದು ಇವಳು ಮಲಗಿದ್ದಾಳೆಂದು ತಿಳಿದು ತೆರೆದುಕೊಳ್ಳುತ್ತಲೇ ಇರಲಿಲ್ಲ. "ಎದ್ದಿದೀನಿ ಕಣೇ!" ಎಂದು ಅದಕ್ಕೆ ಬೈಯುತ್ತಿದ್ದಳು. ಕೋಲಾರಕ್ಕೆ ನನ್ನ ಮನೆಗೆಂದು ಹೊರಟು, ಬೋರ್ಡು ಕಾಣದೆ ಮುಳಬಾಗಿಲಿನ ಬಸ್ಸು ಹತ್ತಿದ್ದೂ ಆಯಿತು.

ಹುಳುವಿನ ಮನೆಯಲ್ಲಿ ಇನ್ನೂ ಕಷ್ಟ. ಗೂಡು ಕಟ್ಟಲು ಹಣ್ಣಾದ ಹುಳುವಿನ ಮೈ ಹೊಳಪಾಗಿ ಹಳದಿಗೆ ತಿರುಗುತ್ತದೆ; ಅಂಥವನ್ನು ಆರಿಸಿ ಆರಿಸಿ, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ತಟ್ಟೆಗೆ, ಅಂದರೆ ಚಂದ್ರಿಕೆಗೆ, ಹಾಕಬೇಕು. ಆ ಆರಿಸುವ ಕೆಲಸದಲ್ಲಿ ಚಿಕ್ಕಮ್ಮನನ್ನು ಮೀರಿಸಿದವರು ಊರಿನಲ್ಲಿರಲಿಲ್ಲ. ಅವಳು ಹಸಿ ಹುಳುಗಳನ್ನು ಹಾಕಲು ಶುರುಮಾಡಿದಳು. ಅವು ಗೂಡು ಕಟ್ಟುವುದು ಬಿಟ್ಟು ಸೊಪ್ಪು ಹುಡುಕಿಕೊಂಡು ಮನೆಯೆಲ್ಲ ತೀರ್ಥಯಾತ್ರೆ ಹೊರಟವು. ಒಂದು ಚಿಕ್ಕಪ್ಪನ ಹೆಗಲೇರಿ ಕಿವಿಯವರೆಗೆ ಹೋಗಿತ್ತು. ಚಿಕ್ಕಪ್ಪ ಅದನ್ನು ಮೆಲ್ಲಗೆ ತೆಗೆದು ಸೊಪ್ಪಿನ ಮೇಲೆ ಬಿಟ್ಟರು. ಮಾರನೆಯ ದಿನ ಮೇಲಿನಿಂದ ನೇತುಬಿದ್ದ ಚಂದ್ರಿಕೆ ಕಾಣದೆ ಹಣೆ ಬಡಿಸಿಕೊಂಡಳು, ಬೊಟ್ಟಿನ ಜಾಗದಲ್ಲಿ ನಿಂಬೆಹಣ್ಣಿನಷ್ಟು ಬುಗುಟು ಎದ್ದಿತು. ನಾನು ಅವಳನ್ನು ಕೋಲಾರದ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ.

ಅಲ್ಲಿದ್ದ ಡಾಕ್ಟರಮ್ಮ ಚುರುಕು. ಪುಟ್ಟ ಸ್ಕೇಲು ಹಿಡಿದು ರೆಪ್ಪೆ ಎಷ್ಟು ಇಳಿದಿದೆ, ಎಷ್ಟು ಏಳುತ್ತದೆ ಎಂದು ಅಳೆದರು. ಹುಬ್ಬನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, "ಈಗ ಮೇಲೆ ನೋಡಿ" ಎಂದರು. ರೆಪ್ಪೆ ಕೊಂಚವೇ ಮಿಸುಕಿತು.

"ನೋಡಿದ್ರಾ? ಇಷ್ಟು ದಿನ ರೆಪ್ಪೆ ಕೆಲಸಾನೆಲ್ಲ ಹಣೆ ಮಾಡ್ತಿತ್ತು. ಅದಕ್ಕೇ ಸಂಜೆ ಆದ್ರೆ ತಲೆನೋವು ಅನ್ನೋದು. ರೆಪ್ಪೆ ಮೇಲೆತ್ತೋಕೆ ಒಳಗೊಂದು ಸಣ್ಣ ಮಾಂಸಖಂಡ ಇರತ್ತೆ ಅಮ್ಮ. ವಯಸ್ಸಾದ ಹಾಗೆ ಅದರ ಹಿಡಿತ ಸಡಿಲ ಆಗತ್ತೆ."

"ಲಂಗದ ಲಾಡಿ ಥರ" ಎಂದಳು ಚಿಕ್ಕಮ್ಮ.

"ಹೂಂ, ಲಾಡಿ ಥರಾನೇ" ಎಂದು ನಕ್ಕರು ಡಾಕ್ಟರಮ್ಮ. ಕೆಲವರಿಗೆ ಆ ಮಾಂಸಖಂಡ ಹುಟ್ಟಿನಿಂದಲೇ ಬಲವಾಗಿ ಬೆಳೆದಿರುವುದಿಲ್ಲವಂತೆ. ಕೆಲವರಿಗೆ ನರದ ತೊಂದರೆ, ಸಕ್ಕರೆ ಕಾಯಿಲೆ, ಪೆಟ್ಟು. ಇದ್ದಕ್ಕಿದ್ದ ಹಾಗೆ ರೆಪ್ಪೆ ಬಿದ್ದು, ಒಂದು ಎರಡಾಗಿ ಕಂಡರೆ, ತಲೆ ಸಿಡಿದರೆ, ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಬೇಕಂತೆ. ಇನ್ನೊಂದು ಕಾಯಿಲೆಯಲ್ಲಿ ಬೆಳಿಗ್ಗೆ ಸರಿಯಿರುವ ರೆಪ್ಪೆ ಸಂಜೆಗೆ ದಣಿದು ಬೀಳುತ್ತದಂತೆ. ಅಂಥದ್ದು ಐಸ್ ಇಟ್ಟರೆ ಕೊಂಚ ಹೊತ್ತು ಮೇಲೇಳುತ್ತದಂತೆ. ಅದನ್ನೂ ನೋಡಿಬಿಡೋಣ ಎಂದು ಚಿಕ್ಕಮ್ಮನ ಕಣ್ಣಿನ ಮೇಲೆ ಐಸ್ ಇಟ್ಟರು. ರೆಪ್ಪೆ ಜಪ್ಪಯ್ಯ ಅಂದರೂ ಏಳಲಿಲ್ಲ. "ನನ್ನ ರೆಪ್ಪೆ ಐಸ್‌ಕ್ಯಾಂಡಿಗೆಲ್ಲ ಬಗ್ಗೋದಲ್ಲ ತಾಯಿ" ಎಂದಳು.

ನಾನು ಬಹಳ ವರ್ಷದ ಭಾರ ಇಳಿಸಿಕೊಳ್ಳೋಣವೆಂದು, "ಮಗು ಸಾಕುವಾಗ ನಿದ್ದೆಗೆಟ್ರೆ ಹೀಗಾಗತ್ತಾ ಮೇಡಂ?" ಎಂದು ಕೇಳಿದೆ.

"ಹಂಗಾಗೋ ಹಾಗಿದ್ರೆ ಈ ದೇಶದ ತಾಯಂದಿರೆಲ್ಲ ಗೋಡೆ ತಡವಿಕೊಂಡು ಓಡಾಡ್ಬೇಕಿತ್ತು" ಎಂದು, ಅವರು ಚಿಕ್ಕಮ್ಮನ ಕಡೆ ತಿರುಗಿದರು. "ಚಿಕ್ಕ ವಯಸ್ಸಿಂದಾನೇ ಸ್ವಲ್ಪ ಜೋತಿತ್ತಾ ಅಮ್ಮ?"

"ಇಲ್ಲಪ್ಪ! ತಾವರೆ!"

ಡಾಕ್ಟರಮ್ಮ ಇನ್ನೊಮ್ಮೆ ರೆಪ್ಪೆ ಅಳೆದು, ಚೀಟಿಯಲ್ಲಿ ಏನೋ ಬರೆದುಕೊಂಡರು. ಆಪರೇಷನ್ ಮಾಡಬಹುದು, ಸಡಿಲವಾದ ಮಾಂಸಖಂಡವನ್ನು ಬಿಗಿ ಮಾಡಿ ಹೊಲಿಯುವುದು, ಜೋತುಬಿದ್ದ ಹೆಚ್ಚಿನ ಚರ್ಮ ಕೊಂಚ ತೆಗೆಯುವುದು, ಪೂರ್ತಿ ಎಚ್ಚರ ತಪ್ಪಿಸುವುದೂ ಬೇಡ ಎಂದು ವಿವರಿಸಿದರು. ಕೊನೆಗೆ, "ವಯಸ್ಸಿನಲ್ಲಿದ್ದಾಗಿನ ಒಂದು ಫೋಟೋ ಇದ್ರೆ ತನ್ನಿ. ಕಣ್ಣು ಮುಂಚೆ ಹೇಗಿತ್ತು ಅಂತ ಗೊತ್ತಾದ್ರೆ, ಎಷ್ಟು ಎತ್ತಬೇಕು ಅನ್ನೋದಕ್ಕೆ ಒಂದು ಅಂದಾಜು ಸಿಗತ್ತೆ" ಎಂದರು.

ಶುರುವಾಯಿತು ನೋಡಿ ಫೋಟೋ ಬೇಟೆ! ಮದುವೆಯ ಫೋಟೋದಲ್ಲಿ ಬಾಸಿಂಗ, ಹೂವಿನ ದಂಡೆ, ಬಗ್ಗಿಸಿದ ತಲೆ. ಮದುವಣಗಿತ್ತಿಯ ಜಾಗದಲ್ಲಿ ಯಾರನ್ನು ಕೂರಿಸಿದ್ದರೂ ಗೊತ್ತಾಗುತ್ತಿರಲಿಲ್ಲ. ಇನ್ನೊಂದರಲ್ಲಿ ತಲೆಯೇ ಇಲ್ಲ. ಫೋಟೋ ತೆಗೆದವನಿಗೆ ಹಿಂದಿದ್ದ ಎಮ್ಮೆ ಹೆಚ್ಚು ಹಿಡಿಸಿತ್ತು. ಅಪ್ಪ ಮಾಲೂರಿನ ಸ್ಟುಡಿಯೋದಲ್ಲಿ ತೆಗೆಸಿದ್ದ ಮತ್ತೊಂದರಲ್ಲಿ ನಾನು ಇವಳ ಮಡಿಲಲ್ಲಿ ನಿಂತಿದ್ದೇನೆ, ನನ್ನ ಪುಟ್ಟ ಕೈ ಸರಿಯಾಗಿ ಇವಳ ಕಣ್ಣಿಗೇ ಅಡ್ಡ ಬಂದಿದೆ. "ಆವಾಗಿಂದ ನೀನು ನನ್ನ ಕಣ್ಣಿಗೆ ಬಿದ್ದಿದೀಯ" ಎಂದು ಚಿಕ್ಕಮ್ಮ ಅದನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು.

ಒಂದು ಫೋಟೋವನ್ನು ಮಾತ್ರ ಹುಡುಕುವ ಅಗತ್ಯವಿರಲಿಲ್ಲ. ಅದು ಪಡಸಾಲೆಯ ಗೋಡೆಯ ಮೇಲೇ ಇದೆ. ಅದು ನನ್ನ ಅಮ್ಮನದು. ಅಮ್ಮನ ಒಂದೇ ಒಂದು ಫೋಟೋ ಮನೆಯಲ್ಲಿತ್ತು, ಅದಕ್ಕೆ ಗೆದ್ದಲು ಹತ್ತಿತು. ಗೆದ್ದಲಿಗೆ ಎಂಥಾ ಬುದ್ಧಿ ನೋಡಿ! ಸೀರೆ ಬಿಟ್ಟಿತು, ಬಳೆ ಬಿಟ್ಟಿತು, ಮುಖ ಮಾತ್ರ ತಿಂದುಹಾಕಿತು. ಪಿತೃಪಕ್ಷದಲ್ಲಿ ನಾವು ಹಾರ ಹಾಕಿ ಕೈಮುಗಿಯುವುದು ಒಂದು ಸೀರೆಯ ಅಂಚಿಗೆ. ನಾನು ಎಲ್ಲರೆದುರು ಇದನ್ನು ತಮಾಷೆಯಾಗಿಯೇ ಹೇಳುತ್ತೇನೆ. ಆದರೆ ನಿಜ ಹೇಳಬೇಕೆಂದರೆ, ಬಸ್ಸಿನಲ್ಲಿ, ಸಂತೆಯಲ್ಲಿ, ಯಾವುದಾದರೂ ತಾಯಿ ತನ್ನ ಮಗುವನ್ನು ನೋಡುವುದನ್ನು ಕಂಡಾಗ, ನನ್ನಮ್ಮ ನನ್ನನ್ನು ಹೇಗೆ ನೋಡುತ್ತಿದ್ದಳೋ ಎಂದು ಕಣ್ಣು ಕೀಳದೆ ನೋಡುತ್ತ ನಿಲ್ಲುತ್ತೇನೆ. ಕೂದಲು ನರೆತರೂ ಈ ಆಸೆ ಹೋಗಿಲ್ಲ. ನನಗೆ ನನ್ನ ಅಮ್ಮನ ಕಣ್ಣು ಗೊತ್ತಿಲ್ಲ.

ಫೋಟೋ ಸಿಗದೆ ನಾನು ಕೈಚೆಲ್ಲಿದಾಗ ಚಿಕ್ಕಮ್ಮನೇ, "ಮುಳಬಾಗಿಲಲ್ಲಿ ಒಂದಿರ್ಬೇಕು" ಎಂದಳು. ನನಗೆ ಆಶ್ಚರ್ಯ! ಮುಳಬಾಗಿಲಿನ ಅಜ್ಜಿ ಎಂದರೆ ಅಮ್ಮನಿಗೂ ಚಿಕ್ಕಮ್ಮನಿಗೂ ಸೋದರತ್ತೆ. ಆ ಮನೆಗೂ ನಮಗೂ ಮಾತಿಲ್ಲದೆ ಒಂದು ತಲೆಮಾರು ಕಳೆದಿದೆ. ಕಾರಣ? ಅಜ್ಜಿಯ ಮಗನ ಮದುವೆಯಲ್ಲಿ ನಮ್ಮ ತಾತನ ಎಲೆಗೆ ಎರಡನೇ ಸಲ ಪಾಯಸ ಬರಲಿಲ್ಲ. ತಾತ ಎಲೆ ಬಿಟ್ಟು ಎದ್ದರು. ಅಜ್ಜಿ ಕರೆಯಲಿಲ್ಲ. ಅಷ್ಟೇ! ಅಂಥ ಪಾಯಸದ ಪ್ರತಿಜ್ಞೆಯನ್ನು ಚಿಕ್ಕಮ್ಮ ಒಂದು ಫೋಟೋಗಾಗಿ ಮುರಿಯುವುದೆಂದರೆ!

ಮುರಿದಳು, ಆದರೆ ಅಜ್ಜಿ ಮನೆಯಲ್ಲಿ ಇಲ್ಲದ ದಿನ ಕೇಳಿ ತಿಳಿದುಕೊಂಡೇ ಹೋದಳು. ಅಜ್ಜಿ ಮರಿಮೊಮ್ಮಗುವಿನ ಮುಡಿ ಕೊಡಿಸಲು ತಿರುಪತಿಗೆ ಹೋಗಿದ್ದರು. ಬಿಗುಮಾನ ಇನ್ನೂ ಪೂರ್ತಿ ಹೋಗಿಲ್ಲ ಎಂದು ನಾನು ಒಳಗೊಳಗೇ ನಕ್ಕೆ. ಅವರ ಸೊಸೆ ಒಳ್ಳೆಯ ಹೆಣ್ಣುಮಗಳು. ಕಾಫಿ ಕೊಟ್ಟು, ತಮ್ಮ ಮದುವೆಯ ಆಲ್ಬಮ್ ತಂದಿಟ್ಟರು. ಅದರಲ್ಲಿ ಆ ಫೋಟೋ ಇತ್ತು.

ಇಬ್ಬರು ಹುಡುಗಿಯರು ಚಪ್ಪರದ ಕಂಬ ಹಿಡಿದು ನಿಂತಿದ್ದಾರೆ. ಆ ಕಾಲದಲ್ಲಿ ಮದುವೆಗೆಂದು ಮನೆಯ ಹೆಣ್ಣುಮಕ್ಕಳಿಗೆಲ್ಲ ಒಂದೇ ತಾನಿನ ಬಟ್ಟೆ ಹರಿಸುವುದು ವಾಡಿಕೆ. ಅದೇ ಹೂವಿನ ಲಂಗ, ಅದೇ ದಾವಣಿ, ಅದೇ ಎರಡು ಜಡೆ, ಅದೇ ಎತ್ತರ, ಒಂದೇ ಅಚ್ಚಿನ ಮುಖ. ಒಬ್ಬಳು ಕಣ್ಣರಳಿಸಿ ನೇರವಾಗಿ ನೋಡುತ್ತಿದ್ದಾಳೆ. ಇನ್ನೊಬ್ಬಳ ಕಣ್ಣು ಕೆಳಗಿದೆ, ಅರ್ಧ ಮುಚ್ಚಿದಂತಿದೆ.

ಚಿಕ್ಕಮ್ಮ ಗದ್ದ ಎತ್ತಿ, ಫೋಟೋವನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. "ಇದು ನಾನು" ಎಂದು ಕಣ್ಣರಳಿಸಿದವಳ ಮೇಲೆ ಬೆರಳಿಟ್ಟಳು. "ತಲೆ ಬಗ್ಗಿಸ್ಕೊಂಡಿರೋಳು ನಿಮ್ಮಮ್ಮ."

ನಾನು ನೋಡಿದೆ. ಅಮ್ಮ! ಇಷ್ಟು ವರ್ಷಕ್ಕೆ ಸಿಕ್ಕಿದ್ದಾಳೆ, ಸಿಕ್ಕರೂ ಕಣ್ಣು ಎತ್ತಿಲ್ಲ. ಒಂದೇ ಒಂದು ಫೋಟೋಗಾದರೂ ಎತ್ತಬಾರದಿತ್ತೇ ಅಮ್ಮ ಎಂದು ಸಿಟ್ಟೇ ಬಂತು. "ತಾವರೆ ಅಂದಿದ್ದು ಸುಳ್ಳಲ್ಲ ಹಂಗಾದ್ರೆ" ಎಂದಷ್ಟೇ ಹೇಳಿದೆ. ಚಿಕ್ಕಮ್ಮ ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಕೆಲಸ ಮುಗಿದ ಮೇಲೆ ವಾಪಸು ತಲುಪಿಸುತ್ತೇವೆಂದು ಸೊಸೆಗೆ ಮಾತು ಕೊಟ್ಟು ಬಂದೆವು.

ಆಪರೇಷನ್ ಆಯಿತು. ರೆಪ್ಪೆಗೆ ಮಾತ್ರ ಮರಗಟ್ಟುವ ಸೂಜಿ ಕೊಟ್ಟಿದ್ದರು. ನಾಲಿಗೆಗೆ ಕೊಡುವ ವ್ಯವಸ್ಥೆ ಇರಲಿಲ್ಲವಾಗಿ ಒಳಗಿನಿಂದ ಚಿಕ್ಕಮ್ಮನ ಮಾತು ಹೊರಗಿದ್ದ ನನಗೂ ಚಿಕ್ಕಪ್ಪನಿಗೂ ಗುಜುಗುಜು ಕೇಳುತ್ತಲೇ ಇತ್ತು. "ಡಾಕ್ಟರಿಗೆ ಹುಳು ಸಾಕೋದು ಹೇಳ್ಕೊಡ್ತಿರ್ಬೇಕು" ಎಂದರು ಚಿಕ್ಕಪ್ಪ. ನಡುವೆ ಅವಳನ್ನು ಎಬ್ಬಿಸಿ ಕೂರಿಸಿ, ಕಣ್ಣು ಬಿಡಿಸಿ, ಎರಡೂ ರೆಪ್ಪೆ ಸಮ ಬಂದಿದೆಯೇ ಎಂದು ನೋಡಿ, ಮತ್ತೆ ಮಲಗಿಸಿ ಹೊಲಿದರಂತೆ. ರವಿಕೆ ಹೊಲಿಯುವವರು ಅಳತೆ ನೋಡಿದ ಹಾಗೆ ನೋಡಿದರು ಎಂದು ಆಮೇಲೆ ಊರಿಗೆಲ್ಲ ವರ್ಣಿಸಿದಳು.

ಮೊದಲು ಊದಿಕೊಂಡು ನೀಲಿಗಟ್ಟಿತ್ತು. ಊತ ಇಳಿದು, ಹೊಲಿಗೆ ತೆಗೆದ ಮೇಲೆ ನೋಡಬೇಕಿತ್ತು ನೀವು! ಇಷ್ಟಗಲ ಕಣ್ಣು! ಶುರುವಿನಲ್ಲಿ ಮಲಗಿದರೂ ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ. ಸ್ವಲ್ಪ ದಿನ ಹಾಗಿರುತ್ತದೆ, ಕಣ್ಣು ಒಣಗದ ಹಾಗೆ ಮುಲಾಮು, ಡ್ರಾಪ್ಸ್ ಹಾಕಿ ಎಂದಿದ್ದರು ಡಾಕ್ಟರಮ್ಮ. ಮಧ್ಯಾಹ್ನ ಅವಳು ಮಲಗಿದ್ದಾಗ ಚಿಕ್ಕಪ್ಪ ಸದ್ದಿಲ್ಲದೆ ಬೀಡಿ ಹಚ್ಚಲು ಹೋಗಿ, ಆ ಸಂದಿಗಣ್ಣು ಕಂಡು ಬೀಡಿ ಎಸೆದು ಕೈಕಟ್ಟಿ ನಿಂತರು. ಅವಳು ಗೊರಕೆ ಹೊಡೆಯುತ್ತಿದ್ದಳು! ಚಿಕ್ಕಪ್ಪ ಬೀಡಿ ಬಿಟ್ಟದ್ದು ಹೀಗೆ.

ನಾನಂತೂ ಬಾಯಿಗೆ ಬಂದದ್ದೆಲ್ಲ ಅಂದೆ. ಹಾಲು ಕದ್ದು ಸಿಕ್ಕಿಬಿದ್ದ ಬೆಕ್ಕು ಎಂದೆ. ಗೂಬೆ ಎಂದೆ. ವಿಚಿತ್ರವೆಂದರೆ, ಒಂದಕ್ಕೆ ಹತ್ತು ತಿರುಗಿಸಿ ಕೊಡುವ ಚಿಕ್ಕಮ್ಮ ಮುಖವನ್ನು ಇನ್ನೂ ಹತ್ತಿರಕ್ಕೆ ತರುತ್ತಿದ್ದಳು. ನಾನು ಊರಿಗೆ ಹೋದಾಗಲೆಲ್ಲ ಎದುರಿಗೆ ಬಂದು ಕೂರುತ್ತಿದ್ದಳು. "ಸರಿಯಾಗಿ ನೋಡೋ. ಏನಾದ್ರೂ ಕಾಣಿಸ್ತಾ?" ಎನ್ನುತ್ತಿದ್ದಳು.

"ಕಾಣಿಸ್ತಾ ಅಂತ ನಾನು ನಿನ್ನ ಕೇಳ್ಬೇಕು ಚಿಕ್ಕಮ್ಮ! ಆಪರೇಷನ್ ಆಗಿರೋದು ಯಾರಿಗೆ?"

"ಹೂಂ, ಅದೂ ಸರಿ" ಎಂದು ಎದ್ದು ಹೋಗುತ್ತಿದ್ದಳು. ಹೋಗಿ ಬಚ್ಚಲಮನೆಯ ಕನ್ನಡಿಯ ಮುಂದೆ ನಿಲ್ಲುತ್ತಿದ್ದಳು. ಬೆಳಿಗ್ಗೆ ಎದ್ದರೆ ಕನ್ನಡಿ, ಸೊಪ್ಪು ಹಾಕಿ ಬಂದರೆ ಕನ್ನಡಿ. "ಈ ವಯಸ್ಸಲ್ಲಿ ಕನ್ನಡಿ ಹುಚ್ಚು ಹಿಡೀತು" ಎಂದು ಚಿಕ್ಕಪ್ಪ ನನ್ನ ಹತ್ತಿರ ದೂರು ಹೇಳಿದರು. ಅವರ ಲೆಕ್ಕದಲ್ಲಿ ಅದು ದೊಡ್ಡ ಭಾಷಣ.

ಕೊಟ್ಟ ಮಾತಿನಂತೆ ನಾನು ಫೋಟೋ ವಾಪಸು ಕೊಡಲು ಮುಳಬಾಗಿಲಿಗೆ ಹೋದೆ. ಚಿಕ್ಕಮ್ಮ ಬರಲಿಲ್ಲ, ಹುಳು ನಾಲ್ಕನೇ ಜ್ವರದಿಂದ ಎದ್ದಿದೆ, ಸೊಪ್ಪು ಹಾಕಬೇಕು ಎಂದಳು. ಈ ಸಲ ಅಜ್ಜಿ ಮನೆಯಲ್ಲೇ ಇದ್ದರು. ಹಣ್ಣುಹಣ್ಣು ಮುದುಕಿ. ನನ್ನನ್ನು ಹತ್ತಿರ ಕೂರಿಸಿಕೊಂಡು, ಮೊದಲು ಒಂದು ಲೋಟ ಪಾಯಸ ತರಿಸಿ, ಅದು ಮುಗಿದ ಕೂಡಲೇ ಇನ್ನೊಂದು ಲೋಟ ತರಿಸಿ, "ಎರಡು ಸಲ ಕೊಟ್ಟಿದೀನಪ್ಪ, ನಿಮ್ಮ ತಾತನ ಲೆಕ್ಕ ಚುಕ್ತಾ" ಎಂದರು. ಆಮೇಲೆ ಫೋಟೋ ಕೈಗೆ ತೆಗೆದುಕೊಂಡರು. ಸೆರಗಿನಿಂದ ಒರೆಸಿದರು.

"ಎಂಥಾ ಕಣ್ಣು ನೋಡು ನಿಮ್ಮಮ್ಮಂದು" ಎಂದರು. ಅವರ ಬೆರಳು ಕಣ್ಣರಳಿಸಿ ನಿಂತವಳ ಮೇಲಿತ್ತು.

"ಅದು ಚಿಕ್ಕಮ್ಮ ಅಜ್ಜಿ. ಅಮ್ಮ ಈ ಕಡೆ, ತಲೆ ಬಗ್ಗಿಸಿರೋದು."

"ಯಾವನೋ ನಿಂಗೆ ಹೇಳಿದ್ದು? ಇಬ್ರನ್ನೂ ಎತ್ತಿ ಆಡ್ಸಿರೋಳು ನಾನು. ಇವ್ಳು ತಲೆ ಬಗ್ಗಿಸಿಲ್ಲ ಕಣಪ್ಪ, ಸರಿಯಾಗಿ ನೋಡು, ಗದ್ದ ಮೇಲಿದೆ. ರೆಪ್ಪೆ ಬಿದ್ದಿರೋದು. ನಿಮ್ಮ ಚಿಕ್ಕಮ್ಮಂಗೆ ಹುಟ್ಟಿದಾಗಿಂದ ಹಂಗೇ. ತೊಟ್ಟಿಲಲ್ಲಿ ಎಚ್ಚರ ಇದ್ರೂ ಮಲಗಿದಾಳೆ ಅಂತ ಹಾಲು ಕೊಡೋದೇ ಮರೀತಿದ್ವಿ."

ನೋಡಿದೆ. ಹೌದು, ಗದ್ದ ಮೇಲಿತ್ತು! ಜೀವಮಾನವೆಲ್ಲ ಆ ಗದ್ದ ನೋಡಿಕೊಂಡು ಬೆಳೆದವನಿಗೆ ಅದು ಕಂಡಿರಲಿಲ್ಲ. ಎಂಥಾ ಕೆಲಸವಾಯಿತು! ತಪ್ಪು ಹುಡುಗಿಯ ಕಣ್ಣು ತೋರಿಸಿ ಆಪರೇಷನ್ ಮಾಡಿಸಿಬಿಟ್ಟೆವಲ್ಲ! ಅಜ್ಜಿ, "ಫೋಟೋ ನೀನೇ ಇಟ್ಕೋ, ನಿಮ್ಮಮ್ಮ ತಾನೇ" ಎಂದು ನನ್ನ ಕೈಗೇ ಇಟ್ಟರು. ಸಿಕ್ಕ ಬಸ್ಸು ಹತ್ತಿ ಶ್ರೀನಿವಾಸಪುರಕ್ಕೆ ಬಂದು, ಅಲ್ಲಿಂದ ಊರಿಗೆ ಆಟೋ ಹಿಡಿದೆ.

ಚಿಕ್ಕಮ್ಮ ಜಗುಲಿಯ ಮೇಲೆ ಕೂತು ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದಳು. ಸಂಜೆಯ ಬಿಸಿಲು ಅವಳ ಮುಖದ ಮೇಲಿತ್ತು.

"ಚಿಕ್ಕಮ್ಮ, ದೊಡ್ಡ ತಪ್ಪಾಗೋಗಿದೆ. ಡಾಕ್ಟರಮ್ಮಂಗೆ ನಾವು ತೋರಿಸಿದ್ದು ನಿನ್ನ ಕಣ್ಣಲ್ಲ. ಅಮ್ಮಂದು!"

ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಏನ್ಲಾ, ಫೋಟೋದಲ್ಲಿ ನಾನ್ಯಾರು ಅಂತ ನಂಗೆ ಗೊತ್ತಿರಲ್ವಾ?"

ನಾನು ಕೈಯಲ್ಲಿದ್ದ ಫೋಟೋವನ್ನು ಅವಳ ಮುಂದೆ ಹಿಡಿದೆ.

"ಡಾಕ್ಟರಮ್ಮಂಗೂ ಗೊತ್ತಿತ್ತು. ಹುಟ್ಟಿಂದ ಬಂದಿರೋದು ಅವರಿಗೆ ನೋಡಿದ್ರೆ ತಿಳಿಯತ್ತಂತೆ. ಒಳಗೆ ಎಲ್ಲ ಹೇಳ್ದೆ. ಇದು ನಮ್ಮಕ್ಕ, ಹಿಂಗೆ ಮಾಡ್ಕೊಡು ತಾಯಿ ಅಂದೆ. ‘ರೆಪ್ಪೆಗೆ ಎಷ್ಟು ಶಕ್ತಿ ಇದ್ಯೋ ಅಷ್ಟೇ ಎತ್ತೋಕಾಗೋದು, ಫೋಟೋ ಥರಾನೇ ಬರತ್ತೆ ಅಂತ ಮಾತು ಕೊಡಲ್ಲ’ ಅಂದ್ಲು. ಆದ್ರೂ ಪುಣ್ಯಾತ್ಗಿತ್ತಿ, ಫೋಟೋ ನೋಡ್ಕೊಂಡು ನೋಡ್ಕೊಂಡೇ ಹೊಲಿದ್ಲು."

"ಯಾಕೆ ಚಿಕ್ಕಮ್ಮ?"

ಆಗ ಅವಳು ಸೊಪ್ಪಿನ ಬುಟ್ಟಿಯನ್ನು ಪಕ್ಕಕ್ಕೆ ತಳ್ಳಿದಳು.

"ನಿಮ್ಮಮ್ಮ ಹೋದಾಗ ಮನೆಯೆಲ್ಲ ಹುಡುಕೋನು ನೀನು. ಯಾರೋ ಸಮಾಧಾನ ಮಾಡೋಕೆ, ‘ನಿಮ್ಮಮ್ಮ ಚಿಕ್ಕಮ್ಮನ ಕಣ್ಣೊಳಗಿದಾಳೆ ನೋಡ್ಕೋ’ ಅಂದ್ಬಿಟ್ರು. ಅಷ್ಟೇ! ದಿನಾ ನನ್ನ ಮಡಿಲು ಹತ್ತೋನು. ಎರಡು ಬೆರಳಲ್ಲಿ ನನ್ನ ರೆಪ್ಪೆ ಎತ್ತಿ ಒಳಗೆ ನೋಡೋನು. ನೋಡಿ ‘ಇಲ್ಲ’ ಅನ್ನೋನು. ಆಮೇಲೆ ಅಳೋನು. ಸ್ಟುಡಿಯೋದಲ್ಲೂ ಅದೇ ಮಾಡಿದ್ದು ನೀನು. ರೆಪ್ಪೆ ನಿನ್ನಿಂದ ಬಿದ್ದೋಯ್ತು ಅಂತ ಬೈತಿದ್ನಲ್ಲ, ಸುಳ್ಳು ಕಣೋ. ಇಡೀ ಮನೆಯಲ್ಲಿ ಅದನ್ನ ಎತ್ತಿ ನೋಡ್ತಿದ್ದೋನು ನೀನೊಬ್ನೇ."

ನಾನು ಫೋಟೋವನ್ನು ಜಗುಲಿಯ ಮೇಲಿಟ್ಟೆ.

"ಆವಾಗ ತೋರ್ಸೋಕೆ ನನ್ನ ಹತ್ರ ಏನೂ ಇರ್ಲಿಲ್ಲ. ಈಗ ಇದೆ. ಬಾಯಿಬಿಟ್ಟು ಹೇಳಿದ್ರೆ ನೀನು ಹೂಂ ಅಂತೀಯ, ಅದೇನು ದೊಡ್ಡದು? ನೀನಾಗೇ ಗುರುತು ಹಿಡೀತೀಯೇನೋ ಅಂತ ಎದುರಿಗೆ ಬಂದು ಬಂದು ಕೂತೆ. ಬೆಕ್ಕು ಅಂದೆ, ಗೂಬೆ ಅಂದೆ!" ನಕ್ಕಳು. ನಗು ನಡುವೆಯೇ ನಿಂತಿತು. "ನಂಗೂ ಆಸೆ ಕಣೋ. ಕನ್ನಡಿ ಮುಂದೆ ನಿಂತ್ರೆ ಅಕ್ಕ ಬರ್ತಾಳೆ. ಮುದುಕಿ ಆಗಿದಾಳೆ, ಆದ್ರೂ ಅವ್ಳೇ. ದಿನಾ ಒಂಚೂರು ಮಾತಾಡಿಸ್ಕೊಂಡು ಬರ್ತೀನಿ. ನಿನ್ನ ಸುದ್ದಿ ಹೇಳ್ತೀನಿ."

ಬಿಸಿಲು ಬೀಳುವ ಕಡೆಗೆ ಸರಿದು ಕೂತು, ನನ್ನನ್ನು ಹತ್ತಿರ ಕರೆದಳು. "ಬಾ. ಡ್ರಾಪ್ಸ್ ಹಾಕ್ಕೊಳ್ಳೋ ಹೊತ್ತಾಯ್ತು. ಅಷ್ಟರಲ್ಲಿ ಸರಿಯಾಗಿ ನೋಡ್ಕೊಂಡ್ಬಿಡು."

ನಾನು ಅವಳ ಎದುರಿಗೆ ಕುಕ್ಕರಗಾಲಿನಲ್ಲಿ ಕೂತೆ. ಚಿಕ್ಕಮ್ಮ ಗದ್ದ ಎತ್ತಲಿಲ್ಲ, ಹುಬ್ಬು ಎತ್ತಲಿಲ್ಲ. ನೇರವಾಗಿ ನೋಡಿದಳು. ನನಗೇ ತಿಳಿಯದಂತೆ ನನ್ನ ಎರಡು ಬೆರಳು ಅವಳ ಕಣ್ಣಿನವರೆಗೆ ಹೋದವು. ಎತ್ತುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಅಮ್ಮ ನನ್ನನ್ನು ನೋಡುತ್ತಿದ್ದಳು.